ಹಳೆ ಸರ್ಕಾರಿ ಕಟ್ಟಡ ಮುಂದೆ ಏನಾಗಬೇಕು? ಊರಿನವರನ್ನು ಸರಿಯಾಗಿ ಕೇಳುವ ಬಗೆ

ಪ್ರತಿ ಊರಲ್ಲೂ ಅಂಥದ್ದೊಂದು ಕಟ್ಟಡ ಇರುತ್ತದೆ. ಹಳೆ ತಾಲ್ಲೂಕು ಕಚೇರಿ, ಮುಸಾಫಿರಖಾನೆ, ರಾಜರ ಕಾಲದ ಆಸ್ಪತ್ರೆ, ಪುರಸಭೆ ಮಾರ್ಕೆಟ್ಟು. ಕಚೇರಿ ಹೊಸ ಜಾಗಕ್ಕೆ ಹೋದ ಮೇಲೆ ಹಳೆಯದಕ್ಕೆ ಬೀಗ ಬೀಳುತ್ತದೆ. ಗೋಡೆ ಸಂದಿಯಲ್ಲಿ ಅರಳಿ ಗಿಡ ಏಳುತ್ತದೆ. ಆಮೇಲೊಂದು ದಿನ ಪೇಪರಿನಲ್ಲಿ ಸುದ್ದಿ ಬರುತ್ತದೆ, ಅಲ್ಲಿ ಕಾಂಪ್ಲೆಕ್ಸ್ ಕಟ್ಟುತ್ತಾರಂತೆ ಅಂತ. ಗಲಾಟೆ ಆದರೆ ಶಾಸ್ತ್ರಕ್ಕೊಂದು ಸಭೆ ಕರೆಯುತ್ತಾರೆ. ಬಂದವರು ಕಾಫಿ ಕುಡಿದು ಎದ್ದು ಹೋಗುತ್ತಾರೆ.

ಶಾಸ್ತ್ರಕ್ಕೆ ಕೇಳುವುದು ಬೇಡ, ನಿಜವಾಗಿ ಕೇಳೋಣ ಅನ್ನುವವರಿಗೆ ಈ ಬರಹ. ನೀವು ಪುರಸಭೆ ಸದಸ್ಯರಿರಬಹುದು, ಎಂಜಿನಿಯರ್ ಇರಬಹುದು, ವಾರ್ಡಿನ ನಾಲ್ಕು ಜನರನ್ನು ಕಟ್ಟಿಕೊಂಡು ಓಡಾಡುವವರಿರಬಹುದು. ನಾನು ಹೇಳುವುದೆಲ್ಲ ಒಂದೇ ಮಾತಿನ ಸುತ್ತ ಇದೆ. ತೀರ್ಮಾನ ಇನ್ನೂ ಆಗದಿರುವಾಗಲೇ ಕೇಳಬೇಕು, ಮತ್ತು ಆ ಕಟ್ಟಡದಲ್ಲಿ ದಿನವೂ ಇರುವವರನ್ನು ಮೊದಲು ಕೇಳಬೇಕು.

ಮೈಸೂರಿನ ಎರಡು ಕಟ್ಟಡ

ತಡವಾದರೆ ಏನಾಗುತ್ತದೆ ಅನ್ನುವುದಕ್ಕೆ ಮೈಸೂರೇ ಸಾಕ್ಷಿ. ವೈಸರಾಯ್ ಲಾರ್ಡ್ ಲ್ಯಾನ್ಸ್‌ಡೌನ್ ಬಂದ ನೆನಪಿಗೆ 1892ರಲ್ಲಿ ಕಟ್ಟಿದ ಕಟ್ಟಡ ಅವರ ಹೆಸರಿನಲ್ಲೇ ಇದೆ. ಹಳೆ ಪುಸ್ತಕ ಬೇಕಾದವರು ಅಲ್ಲಿನ ಅಂಗಡಿಗಳಿಗೇ ಹೋಗುತ್ತಿದ್ದರು. 2012ರ ಆಗಸ್ಟ್‌ನಲ್ಲಿ ಅದರ ಒಂದು ಭಾಗ ಕುಸಿದು ನಾಲ್ವರು ಸತ್ತರು. ಅಂಗಡಿಗಳು ಖಾಲಿಯಾದವು, ಕಟ್ಟಡ ಹಾಗೇ ನಿಂತಿತು. ಅಲ್ಲೇ ಹತ್ತಿರದ ದೇವರಾಜ ಮಾರುಕಟ್ಟೆಯ ಒಂದು ಭಾಗ 2016ರ ಆಗಸ್ಟ್‌ನಲ್ಲಿ ಕುಸಿಯಿತು, ಅದೂ ದುರಸ್ತಿ ಕೆಲಸ ನಡೆಯುತ್ತಿರುವಾಗ. ಆಮೇಲೆ ವಾದವೋ ವಾದ. ಕೆಡವಲೇಬೇಕು ಎಂದ ವರದಿಯೂ ಬಂತು, ದುರಸ್ತಿ ಮಾಡಿ ಉಳಿಸಬಹುದು ಎಂದ ವರದಿಯೂ ಬಂತು. ವ್ಯಾಪಾರಿಗಳು, ಪಾಲಿಕೆ, ಪರಂಪರೆ ತಜ್ಞರು ಮೂರು ದಿಕ್ಕಿಗೆ ನಿಂತರು. ವಿಷಯ ಹೈಕೋರ್ಟಿಗೆ ಹೋಯಿತು. ಕೆಡವಿ ಕಟ್ಟುವುದನ್ನು ಪ್ರಶ್ನಿಸಿದ ಅರ್ಜಿಗಳನ್ನು ಕೋರ್ಟು 2023ರಲ್ಲಿ ತಳ್ಳಿಹಾಕಿತು.

ಯಾರು ಸರಿ, ಯಾರು ತಪ್ಪು ಅನ್ನುವ ಪಂಚಾಯ್ತಿ ಇಲ್ಲಿ ಬೇಡ. ಆದರೆ ಒಂದು ನೋಡಿ. ಗೋಡೆ ಬಿದ್ದ ಮೇಲೆ ಕೇಳುವ ಪ್ರಶ್ನೆ ‘ಕೆಡವೋಣವಾ, ಉಳಿಸೋಣವಾ’ ಅನ್ನುವುದೊಂದೇ. ಗಟ್ಟಿಯಾಗಿ ನಿಂತಿರುವಾಗ ಕೇಳಿದರೆ ‘ಇಲ್ಲಿ ಏನೇನು ನಡೆಯಬೇಕು’ ಅಂತ ಕೇಳಬಹುದು. ಎರಡನೆಯದಕ್ಕೆ ಜನ ಕೊಡುವ ಉತ್ತರ ಎಷ್ಟೋ ಉಪಯೋಗಕ್ಕೆ ಬರುತ್ತದೆ.

ಮೊದಲ ಹೆಜ್ಜೆ: ಯಾವುದು ಬಾಕಿ ಇದೆ, ಬರೆದುಕೊಡಿ

ಸಭೆ ಕರೆಯುವ ಮುಂಚೆ ಒಂದೇ ಹಾಳೆಯಲ್ಲಿ ಮೂರು ವಿಷಯ ಬರೆಯಿರಿ. ಯಾವುದು ಈಗಾಗಲೇ ತೀರ್ಮಾನವಾಗಿದೆ, ಯಾವುದು ಆಗಿಲ್ಲ, ಕೊನೆಗೆ ತೀರ್ಮಾನ ಮಾಡುವವರು ಯಾರು. ಉದಾಹರಣೆಗೆ, ‘ಕಟ್ಟಡ ಕೆಡವುವುದಿಲ್ಲ, ಮಾರುವುದಿಲ್ಲ. ಮುಂಭಾಗ ಬದಲಾಗುವುದಿಲ್ಲ. ಒಳಗೆ ಏನು ನಡೆಯಬೇಕು, ಯಾರು ನಡೆಸಬೇಕು, ಹಿಂದಿನ ಅಂಗಳ ಏನಾಗಬೇಕು ಅನ್ನುವುದು ಬಾಕಿ. ತೀರ್ಮಾನ ಪುರಸಭೆ ಸಾಮಾನ್ಯ ಸಭೆಯದು.’ ಇದಕ್ಕೆ ಮುಖ್ಯಾಧಿಕಾರಿಯ ಸಹಿ ಇರಲಿ.

ಈ ಹಾಳೆ ಬರೆಯಲು ಆಗದಿದ್ದರೆ ಸಭೆ ಕರೆಯಲೇಬೇಡಿ. ಟೆಂಡರ್ ಆಗಿ ಹೋಗಿದ್ದರೆ ‘ನಿಮ್ಮ ಅಭಿಪ್ರಾಯ ತಿಳಿಸಿ’ ಅನ್ನುವುದು ಮೂಗಿಗೆ ತುಪ್ಪ ಸವರಿದ ಹಾಗೆ. ಜನಕ್ಕೆ ಅದು ಗೊತ್ತಾಗುತ್ತದೆ, ಮುಂದಿನ ಸಲ ಅವರು ಬರುವುದಿಲ್ಲ.

ಲಂಡನ್ನಿನ ಬ್ರೆಂಟ್ ಅನ್ನುವ ಸ್ಥಳೀಯ ಆಡಳಿತ ಶಾಲೆಗಳನ್ನು ಮುಚ್ಚಲು ಹೊರಟಾಗ 1985ರಲ್ಲಿ ಒಂದು ಕೇಸು ನಡೆಯಿತು. ಜನರನ್ನು ಕೇಳುವುದಕ್ಕೆ ಅಲ್ಲಿ ನಾಲ್ಕು ಅಳತೆಗೋಲು ಸಿಕ್ಕವು. ಯೋಜನೆ ಇನ್ನೂ ರೂಪ ತಾಳುತ್ತಿರುವಾಗ ಕೇಳಬೇಕು. ಯೋಚಿಸಿ ಉತ್ತರ ಕೊಡುವಷ್ಟು ಮಾಹಿತಿ ಕೊಡಬೇಕು. ಸಾಕಷ್ಟು ಸಮಯ ಕೊಡಬೇಕು. ಬಂದ ಅಭಿಪ್ರಾಯವನ್ನು ಮನಸ್ಸಿಟ್ಟು ಪರಿಶೀಲಿಸಬೇಕು. ಬ್ರಿಟನ್ನಿನ ಕೋರ್ಟುಗಳು ಈಗಲೂ ಇದನ್ನೇ ನೋಡುತ್ತವೆ. ನಮ್ಮ ಪುರಸಭೆಗೆ ಅದು ಕಾನೂನಲ್ಲ. ಆದರೂ ನಾಲ್ಕನ್ನೂ ಗೋಡೆಗೆ ಅಂಟಿಸಿಕೊಂಡು ಕೆಲಸ ಶುರುಮಾಡಿದರೆ ಲುಕ್ಸಾನೇನಿಲ್ಲ.

ಎರಡನೆಯದು: ಕಾಗದ ಪತ್ರ

ಕಟ್ಟಡ ಯಾರದು? ಸುಲಭದ ಪ್ರಶ್ನೆ ಅನ್ನಿಸುತ್ತದೆ, ಅಲ್ವಾ? ಜಾಗ ಕಂದಾಯ ಇಲಾಖೆಯದು, ಕಟ್ಟಡ ಲೋಕೋಪಯೋಗಿ ಇಲಾಖೆಯದು, ಬಾಡಿಗೆ ವಸೂಲಿ ಪುರಸಭೆಯದು, ಹಿಂದಿನ ಗುಡಿ ಮುಜರಾಯಿಯದು ಅನ್ನುವಂಥ ಕಥೆಗಳೇ ಜಾಸ್ತಿ. ಖಾತೆ, ಸರ್ವೆ ನಕ್ಷೆ, ಬಾಡಿಗೆ ಕರಾರು ಮೂರನ್ನೂ ತೆಗೆಸಿ. ದಾನ ಕೊಟ್ಟ ಜಾಗವಾದರೆ ದಾನಪತ್ರ ಹುಡುಕಿ. ‘ಛತ್ರಕ್ಕೆ ಮಾತ್ರ’, ‘ಹೆಣ್ಣುಮಕ್ಕಳ ಶಾಲೆಗೆ ಮಾತ್ರ’ ಅಂತ ಷರತ್ತು ಇದ್ದರೆ ನಿಮ್ಮ ಅರ್ಧ ಪ್ರಶ್ನೆಗಳು ಅಲ್ಲೇ ಬಿದ್ದುಹೋಗುತ್ತವೆ.

ರಕ್ಷಣೆ ಏನಿದೆ ನೋಡಿ. ರಾಜ್ಯದ ಪುರಾತತ್ವ ಇಲಾಖೆಯದಾದರೆ 1961ರ ಸ್ಮಾರಕಗಳ ಕಾಯ್ದೆ ಬರುತ್ತದೆ. ಕೇಂದ್ರ ಪುರಾತತ್ವ ಇಲಾಖೆಯ ಸ್ಮಾರಕ ಪಕ್ಕದಲ್ಲಿದ್ದರೆ ಅದರ ಸುತ್ತ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ. ಅದರಾಚೆ ಇನ್ನೂ 200 ಮೀಟರ್‌ವರೆಗೆ ಅನುಮತಿ ಬೇಕು. ಎರಡೂ ಪಟ್ಟಿಯಲ್ಲಿ ಇಲ್ಲದ ಕಟ್ಟಡಗಳೇ ನಮ್ಮಲ್ಲಿ ಹೆಚ್ಚು. ಹಾಗಂತ ಅವಕ್ಕೆ ಬೆಲೆ ಇಲ್ಲ ಅಂತಲ್ಲ. ಅವನ್ನು ಕಾಯುವವರು ಇಲ್ಲ, ಅಷ್ಟೇ.

ಕಚೇರಿಯಲ್ಲಿ ಕಾಗದ ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. ಹತ್ತು ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಬರಬೇಕು. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಆದ್ದರಿಂದ ಖಾತೆಗೊಂದು, ಕರಾರಿಗೊಂದು, ಎಂಜಿನಿಯರ್ ವರದಿಗೊಂದು ಬೇರೆ ಬೇರೆ ಅರ್ಜಿ ಹಾಕಿ.

ಕಟ್ಟಡದ ಆರೋಗ್ಯ

‘ಶಿಥಿಲವಾಗಿದೆ’ ಅನ್ನುವ ಪದ ಫೈಲಿಗೆ ಬಿದ್ದರೆ ಮುಗಿಯಿತು, ಆಮೇಲೆ ಎಲ್ಲರೂ ಅದನ್ನೇ ಹೇಳುತ್ತಾರೆ. ಎಲ್ಲಿ ಶಿಥಿಲ, ಎಷ್ಟು, ಯಾಕೆ ಅಂತ ಕೇಳಿ. ಹಳೆ ಸುಣ್ಣದ ಗಾರೆ ಕಟ್ಟಡಗಳ ಕಾಯಿಲೆ ಬಹುಪಾಲು ನೀರಿನದು. ಮದ್ರಾಸ್ ತಾರಸಿಯಲ್ಲಿ ಮರದ ತೊಲೆ ಮೇಲೆ ಇಟ್ಟಿಗೆ, ಅದರ ಮೇಲೆ ಗಾರೆ. ಮಳೆನೀರಿನ ಕೊಳವೆ ಕಟ್ಟಿಕೊಂಡರೆ ನೀರು ಇಳಿದು ಗೋಡೆಯೊಳಗೆ ಕೂತ ತೊಲೆಯ ತುದಿ ಕೊಳೆಯುತ್ತದೆ. ಹೊರಗಿನಿಂದ ಅದು ಕಾಣುವುದೇ ಇಲ್ಲ. ಗಾರೆ ಗೋಡೆಗೆ ಸಿಮೆಂಟ್ ಬಳಿದರೆ ಇನ್ನೂ ಕಷ್ಟ, ತೇವ ಹೊರಗೆ ಹೋಗಲು ದಾರಿ ಇರುವುದಿಲ್ಲ.

ಆದ್ದರಿಂದ ವರದಿ ಬರೆಯುವವರು ಗಾರೆ ಕೆಲಸ ಗೊತ್ತಿರುವ ಎಂಜಿನಿಯರ್ ಆಗಿರಲಿ. ಪರಂಪರೆ ಕಟ್ಟಡಗಳ ಕೆಲಸ ಮಾಡುವ ಇಂಟಾಕ್ ಸಂಸ್ಥೆಯ ಶಾಖೆಗಳು ಕರ್ನಾಟಕದಲ್ಲೂ ಇವೆ. ಅವರನ್ನು ಕೇಳಿದರೆ ದಾರಿ ಸಿಗುತ್ತದೆ. ಎರಡು ವರದಿ ಬಂದು ಒಂದಕ್ಕೊಂದು ತಾಳೆಯಾಗದಿದ್ದರೆ ಮುಚ್ಚಿಡಬೇಡಿ. ಇಬ್ಬರು ಎಂಜಿನಿಯರ್‌ಗಳನ್ನೂ ಒಂದೇ ದಿನ ಕಟ್ಟಡಕ್ಕೆ ಕರೆಸಿ, ಜನರ ಎದುರಿಗೆ ಕೈ ಮಾಡಿ ತೋರಿಸುತ್ತಾ ಮಾತಾಡಲಿ. ಸಭಾಂಗಣದಲ್ಲಿ ಮುಗಿಯದ ಎಷ್ಟೋ ಜಗಳ ತೊಲೆ ಕೆಳಗೆ ನಿಂತಾಗ ಮುಗಿಯುತ್ತದೆ.

ಇಷ್ಟರೊಳಗೆ ಮಳೆಗಾಲ ಬಂದರೆ? ಹೊದಿಕೆ ಹಾಕಿಸಿ, ಆಸರೆ ಕಂಬ ಕೊಡಿಸಿ, ಗಿಡ ಕೀಳಿಸಿ. ‘ಚರ್ಚೆ ನಡೆಯುತ್ತಿದೆ’ ಅಂತ ಕಟ್ಟಡವನ್ನು ಸೋರಲು ಬಿಟ್ಟರೆ ತೀರ್ಮಾನ ಮಳೆಯೇ ಮಾಡುತ್ತದೆ. ಲಾಲ್‌ಬಾಗಿನ ಕ್ರುಂಬಿಗಲ್ ಹಾಲ್ ವರ್ಷಗಟ್ಟಲೆ ಪಾಳು ಬಿದ್ದಿದ್ದು, 2017ರಲ್ಲಿ ನೆಲಸಮವಾಯಿತು. ಆಮೇಲೆ ಎಷ್ಟು ಬರೆದರೇನು?

ಯಾರನ್ನು ಕೇಳಬೇಕು

ನನ್ನ ಪ್ರಕಾರ ಇಡೀ ಕೆಲಸದಲ್ಲಿ ಜಾಸ್ತಿ ಸಮಯ ಇದಕ್ಕೇ ಹೋಗಬೇಕು. ಎಲ್ಲರೂ ಮಾಡುವುದು ಉಲ್ಟಾ. ಸಂಘದ ಅಧ್ಯಕ್ಷರು, ನಿವೃತ್ತ ಅಧಿಕಾರಿಗಳು, ಇಬ್ಬರು ಇತಿಹಾಸದ ಮೇಷ್ಟ್ರು, ಪಟ್ಟಿ ಮುಗಿಯಿತು. ಅವರು ಬೇಡ ಅಂತಲ್ಲ. ಆದರೆ ಅವರ ಮಾತು ಹೇಗೂ ಬರುತ್ತದೆ, ಕರೆಯದಿದ್ದರೂ ಬರುತ್ತದೆ.

ಪಟ್ಟಿ ಮಾಡುವ ಮುಂಚೆ ಕಟ್ಟಡದ ಮುಂದೆ ಮೂರು ಇಡೀ ದಿನ ಕೂತು ನೋಡಿ. ಒಂದು ಸಂತೆ ದಿನ, ಒಂದು ಮಾಮೂಲಿ ದಿನ, ಒಂದು ಭಾನುವಾರ. ಮಾರ್ಕೆಟ್ಟಾದರೆ ಬೆಳಗಿನ ಜಾವದಲ್ಲೇ ಹೋಗಿ. ಹೂವಿನ ಮೂಟೆ ಇಳಿಸುವ ಹಮಾಲಿ ಎಲ್ಲಿ ನಿಲ್ಲುತ್ತಾನೆ, ಮಲ್ಲಿಗೆ ಕಟ್ಟುವ ಹೆಂಗಸರು ಬೆನ್ನು ಯಾವ ಕಂಬಕ್ಕೆ ಕೊಟ್ಟು ಕೂರುತ್ತಾರೆ, ಕಸ ಗುಡಿಸುವವರು ಪೊರಕೆ ಎಲ್ಲಿ ಇಡುತ್ತಾರೆ, ಶೌಚಾಲಯಕ್ಕೆ ಎಲ್ಲಿಗೆ ಹೋಗುತ್ತಾರೆ. ಹಳೆ ಕಚೇರಿಯಾದರೆ ಮರದ ಕೆಳಗಿನ ಅರ್ಜಿ ಬರೆಯುವವರು, ಸ್ಟಾಂಪ್ ವೆಂಡರ್, ಜೆರಾಕ್ಸ್ ಅಂಗಡಿ, ಕಟ್ಟೆ ಮೇಲೆ ಬುತ್ತಿ ಬಿಚ್ಚುವ ಹಳ್ಳಿಯವರು. ಇವರ ಹೆಸರು ಯಾವ ಕರಾರಿನಲ್ಲೂ ಇರುವುದಿಲ್ಲ. ಕಟ್ಟಡದ ಹಣೆಬರಹ ಬದಲಾದರೆ ಮೊದಲು ಏಟು ಬೀಳುವುದು ಇವರಿಗೇ.

ದಾಖಲೆಯಲ್ಲಿ ಬಾಡಿಗೆದಾರ ಒಬ್ಬ, ಅಂಗಡಿಯಲ್ಲಿ ಕೂತವನು ಇನ್ನೊಬ್ಬ ಅನ್ನುವುದು ಹಳೆ ಮಾರ್ಕೆಟ್ಟುಗಳಲ್ಲಿ ಮಾಮೂಲು. ಇಬ್ಬರನ್ನೂ ಬರೆದುಕೊಳ್ಳಿ, ಬೇರೆ ಬೇರೆಯಾಗಿ ಮಾತಾಡಿಸಿ. ಸುತ್ತಲೂ ಬೀದಿ ವ್ಯಾಪಾರಿಗಳಿದ್ದರೆ 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆ ನೆನಪಿಡಿ. ಅದರ ಪ್ರಕಾರ ರಚನೆಯಾಗುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40 ಮಂದಿ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಪಾಲು ಹೆಂಗಸರು. ನಿಮ್ಮ ಊರಲ್ಲಿ ಸಮಿತಿ ಇದ್ದರೆ ಅವರನ್ನು ಸುಮ್ನೆ ಅತಿಥಿಗಳಂತೆ ಕರೆಯದೆ ತೀರ್ಮಾನದ ಮೇಜಿಗೇ ಕರೆಯಿರಿ.

ಪ್ರಶ್ನೆ ಕೇಳುವ ರೀತಿ

‘ಈ ಕಟ್ಟಡ ಏನಾಗಬೇಕು?’ ಅಂತ ನೇರ ಕೇಳಿದರೆ ಹತ್ತರಲ್ಲಿ ಎಂಟು ಜನ ‘ಮ್ಯೂಸಿಯಂ’ ಅನ್ನುತ್ತಾರೆ. ಮ್ಯೂಸಿಯಂ ಎಂದರೆ ಯಾರಿಗೂ ನೋವಾಗುವುದಿಲ್ಲ, ಅದಕ್ಕೆ. ಅದನ್ನು ಯಾರು ನಡೆಸುತ್ತಾರೆ, ಸಂಬಳ ಯಾರು ಕೊಡುತ್ತಾರೆ, ನೀವು ವರ್ಷಕ್ಕೆ ಎಷ್ಟು ಸಲ ಹೋಗುತ್ತೀರಿ ಅಂತ ಕೇಳಿದರೆ ಮಾತು ನಿಲ್ಲುತ್ತದೆ. ಆದ್ದರಿಂದ ಜನರಿಗೆ ಚೆನ್ನಾಗಿ ಗೊತ್ತಿರುವುದರಿಂದ ಶುರುಮಾಡಿ. ಇಂಥ ಪ್ರಶ್ನೆಗಳು ಕೆಲಸಕ್ಕೆ ಬರುತ್ತವೆ.

– ಕೊನೆಯ ಸಲ ಇದರೊಳಗೆ ಯಾವಾಗ ಹೋಗಿದ್ದಿರಿ, ಯಾತಕ್ಕೆ?
– ಇಲ್ಲಿ ಯಾವ ಜಾಗ ಇಷ್ಟ? ಯಾವ ಜಾಗಕ್ಕೆ ಹೋಗಲು ಹೆದರಿಕೆ?
– ನಿಮ್ಮ ಊರಲ್ಲಿ ಯಾವ ಕೆಲಸಕ್ಕೆ ಜಾಗ ಸಿಗುತ್ತಿಲ್ಲ?
– ಆರು ತಿಂಗಳು ಇದನ್ನು ಮುಚ್ಚಿದರೆ ನಿಮಗೆ ಏನು ತೊಂದರೆ?
– ಏನು ಬಂದರೂ ಪರವಾಗಿಲ್ಲ, ಇದೊಂದು ಮಾತ್ರ ಬರಬಾರದು ಅನ್ನುವುದು ಯಾವುದು?

ಕೊನೆಯ ಪ್ರಶ್ನೆಯನ್ನು ಬಿಡಲೇಬೇಡಿ. ಏನು ಬೇಕು ಅನ್ನುವುದರಲ್ಲಿ ಒಮ್ಮತ ಬರುವುದು ಕಷ್ಟ. ಏನು ಬೇಡ ಅನ್ನುವುದರಲ್ಲಿ ಬೇಗ ಬರುತ್ತದೆ.

ಅಚ್ಚು ಹಾಕಿದ ಫಾರ್ಮು, ಗೂಗಲ್ ಫಾರ್ಮು ಎರಡೂ ಇರಲಿ. ಅದರಲ್ಲೇ ಮುಗಿಸಬೇಡಿ. ನನಗೆ ಜಾಸ್ತಿ ಹಿಡಿಸಿದ ಉಪಾಯ ಒಂದಿದೆ. ಕಟ್ಟಡದ ನಕ್ಷೆಯನ್ನು ಬಟ್ಟೆ ಬ್ಯಾನರಿನ ಮೇಲೆ ದೊಡ್ಡದಾಗಿ ಪ್ರಿಂಟ್ ಹಾಕಿಸಿ ನೆಲದ ಮೇಲೆ ಹಾಸಿ. ಬಾಗಿಲು, ಮರ, ನಲ್ಲಿ, ಬಸ್ ಸ್ಟಾಪು ಗುರುತು ಸಿಗುವ ಹಾಗೆ ಬರೆಯಿಸಿ. ಬಂದವರ ಕೈಗೆ ಒಂದು ಹಿಡಿ ಹುಣಸೆ ಬೀಜ ಕೊಡಿ, ದಿನಾ ಎಲ್ಲಿ ಓಡಾಡುತ್ತೀರೋ ಅಲ್ಲಿಡಿ ಅನ್ನಿ. ಆಮೇಲೆ ಹುರುಳಿ ಕಾಳು ಕೊಟ್ಟು ಎಲ್ಲಿ ಕಷ್ಟವೋ ಅಲ್ಲಿಡಿ ಅನ್ನಿ. ಮೈಕು ಹಿಡಿಯಲು ನಾಚುವ ಅಜ್ಜಿ ಕೂಡ ಕುಕ್ಕರುಗಾಲಲ್ಲಿ ಕೂತು ಕಾಳು ಇಡುತ್ತಾರೆ. ‘ಅಲ್ಲಿ ಯಾಕಮ್ಮ ಅಷ್ಟೊಂದು ಹುರುಳಿ?’ ಅಂದರೆ ಸಾಕು. ಲೈಟಿಲ್ಲದ ಮೂಲೆ, ಮುರಿದ ಮೆಟ್ಟಿಲು, ಕುಡುಕರ ಕಾಟ ಎಲ್ಲ ಒಂದೊಂದಾಗಿ ಹೊರಬರುತ್ತದೆ. ಪ್ರತಿ ಗುಂಪು ಎದ್ದ ಮೇಲೆ ಬ್ಯಾನರಿನ ಫೋಟೋ ಮೇಲಿನಿಂದ ತೆಗೆಯಿರಿ, ಹೆಂಗಸರದು, ವ್ಯಾಪಾರಿಗಳದು, ಕಾಲೇಜು ಹುಡುಗರದು ಬೇರೆ ಬೇರೆ. ಪಕ್ಕಪಕ್ಕ ಇಟ್ಟು ನೋಡಿದರೆ ಒಂದೇ ಕಟ್ಟಡ ಮೂರು ಥರ ಕಾಣುತ್ತದೆ.

ಸಭೆ

ಹೊತ್ತು ನೋಡಿ ಇಡಿ. ವ್ಯಾಪಾರಿಗಳಿಗೆ ಬೆಳಿಗ್ಗೆ 11 ಗಂಟೆ ಆಗುವುದಿಲ್ಲ, ಕೂಲಿಯವರಿಗೆ ಸಂಜೆ ಆರಕ್ಕೆ ಮುಂಚೆ ಆಗುವುದಿಲ್ಲ. ಒಂದು ದೊಡ್ಡ ಸಭೆಗಿಂತ ನಾಲ್ಕು ಚಿಕ್ಕವು ಮೇಲು. ಕಟ್ಟಡದ ಜಗಲಿಯಲ್ಲೇ ಮಾಡಿದರೆ ಇನ್ನೂ ಒಳ್ಳೆಯದು. ವೇದಿಕೆ ಬೇಡ, ಹಾರ ಶಾಲು ಬೇಡ. ಅಧಿಕಾರಿಗಳ ಮಾತು ಹತ್ತು ನಿಮಿಷಕ್ಕೆ ಮುಗಿಯಲಿ. ಜನ ಮನೆಯಲ್ಲಿ ಉರ್ದು, ತಮಿಳು, ತುಳು ಆಡುವ ಬೀದಿಯಾದರೆ ಆ ಭಾಷೆಯವರೊಬ್ಬರು ಜೊತೆಗಿರಲಿ. ಶಾಸಕರು ಬಂದರೆ ಬರಲಿ, ಸಂತೋಷ, ಆದರೆ ಕೊನೆಯಲ್ಲಿ ಮಾತಾಡಲಿ. ದೊಡ್ಡವರು ಮೊದಲೇ ‘ನನ್ನ ಅಭಿಪ್ರಾಯದಲ್ಲಿ’ ಅಂದುಬಿಟ್ಟರೆ ಆಮೇಲೆ ಬಾಯಿ ಬಿಡುವವರು ಯಾರು?

ಒಂದು ಚಿಕ್ಕ ವಿಷಯಕ್ಕೆ ದೊಡ್ಡ ಜಗಳ ಆಗುತ್ತದೆ, ಹಾಜರಿ ಪುಸ್ತಕ. ಬಾಗಿಲಲ್ಲಿ ಖಾಲಿ ಹಾಳೆ ಇಟ್ಟು ಸಹಿ ಹಾಕಿಸಿಕೊಳ್ಳುತ್ತಾರೆ. ತಿಂಗಳು ಬಿಟ್ಟು ಅದೇ ಸಹಿಗಳ ಮೇಲೆ ‘ಸಭೆಯಲ್ಲಿ ಸರ್ವಾನುಮತದಿಂದ ಒಪ್ಪಲಾಯಿತು’ ಎಂಬ ಹಾಳೆ ಪಿನ್ನಾಗಿರುತ್ತದೆ. ಇದಾಗದಿರಬೇಕಾದರೆ ಪ್ರತಿ ಪುಟದ ಮೇಲೂ ಅಚ್ಚು ಹಾಕಿಸಿ, ‘ಇದು ಹಾಜರಿ ಮಾತ್ರ, ಒಪ್ಪಿಗೆ ಅಲ್ಲ.’ ನಡಾವಳಿಯನ್ನು ಅಲ್ಲೇ ಕೂತು ಬರೆಯಿರಿ, ಎದ್ದು ಹೋಗುವ ಮುಂಚೆ ಗಟ್ಟಿಯಾಗಿ ಓದಿ ಹೇಳಿ. ಒಪ್ಪದವರ ಮಾತು ಅವರ ಮಾತಿನಲ್ಲೇ ಇರಲಿ. ‘ಕೆಲವರು ಆಕ್ಷೇಪ ವ್ಯಕ್ತಪಡಿಸಿದರು’ ಅನ್ನುವ ಸಾಲು ಯಾರಿಗೂ ಉಪಯೋಗವಿಲ್ಲ.

ಆಯ್ಕೆಗಳು, ಅವುಗಳ ಖರ್ಚು

ಮೊದಲ ಸುತ್ತು ಮುಗಿದ ಮೇಲೆ ಮೂರೋ ನಾಲ್ಕೋ ಆಯ್ಕೆ ಮಾಡಿಕೊಂಡು ಮತ್ತೆ ಜನರ ಹತ್ತಿರ ಹೋಗಿ. ಬಣ್ಣದ ಚಿತ್ರ ತೋರಿಸಿ ವೋಟು ಕೇಳುವುದಲ್ಲ. ಪ್ರತಿ ಆಯ್ಕೆಯ ಕೆಳಗೆ ನಾಲ್ಕು ಸಾಲು ಇರಲಿ. ದುರಸ್ತಿಗೆ ಒಮ್ಮೆ ಎಷ್ಟು, ಆಮೇಲೆ ತಿಂಗಳಿಗೆ ಎಷ್ಟು, ಯಾರು ನಡೆಸುತ್ತಾರೆ, ಈಗ ಇರುವವರು ಎಲ್ಲಿಗೆ ಹೋಗುತ್ತಾರೆ. ದುರಸ್ತಿ ದುಡ್ಡು ಹೇಗೋ ಬರುತ್ತದೆ, ಉದ್ಘಾಟನೆ ಕಲ್ಲಿನ ಆಸೆಗಾದರೂ ಬರುತ್ತದೆ. ಕರೆಂಟ್ ಬಿಲ್ಲು, ಕಾವಲುಗಾರನ ಸಂಬಳ, ಶೌಚಾಲಯ ತೊಳೆಯುವ ಖರ್ಚು ಬರುವುದಿಲ್ಲ. ಬೀಗ ಬೀಳುವುದು ಅಲ್ಲಿಯೇ.

ಒಂದೇ ಕೆಲಸಕ್ಕೆ ಇಡೀ ಕಟ್ಟಡ ಕೊಡಬೇಕಾಗಿಲ್ಲ ಅನ್ನುವುದಕ್ಕೆ ಬೆಂಗಳೂರಿನ ಫ್ರೀಡಂ ಪಾರ್ಕ್ ನೋಡಿ. ಅದು ಹಳೆ ಸೆಂಟ್ರಲ್ ಜೈಲು. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಇದ್ದದ್ದು ಅಲ್ಲೇ. ಕೈದಿಗಳು ಪರಪ್ಪನ ಅಗ್ರಹಾರಕ್ಕೆ ಹೋದ ಮೇಲೆ ವಿನ್ಯಾಸ ಸ್ಪರ್ಧೆ ನಡೆಸಿ, 2008ರಲ್ಲಿ ಉದ್ಯಾನ ಮಾಡಿದರು. ಕಾವಲು ಗೋಪುರವೂ ಉಳಿಯಿತು, ಬೆಳಗಿನ ವಾಕಿಂಗಿನವರಿಗೂ ಜಾಗ ಸಿಕ್ಕಿತು, ಧರಣಿ ಕೂರುವವರಿಗೂ ಸಿಕ್ಕಿತು. ನಿಮ್ಮ ಊರಿನ ಹಳೆ ಕಚೇರಿಯಲ್ಲೂ ಮುಂದಿನ ಎರಡು ಕೋಣೆ ಲೈಬ್ರರಿ, ಹಿಂದೆ ಸ್ವಸಹಾಯ ಸಂಘದವರ ಮಾರಾಟ ಮಳಿಗೆ, ಅಂಗಳದಲ್ಲಿ ಸಂಜೆ ಯಕ್ಷಗಾನ ತರಗತಿ ಇರಬಹುದಲ್ಲ. ಬಾಡಿಗೆ ಬರುವ ಕೋಣೆ ಬಾರದ ಕೋಣೆಯನ್ನು ಸಾಕಲಿ.

ಖಾಸಗಿಯವರಿಗೆ ನೋಡಿಕೊಳ್ಳಲು ದತ್ತು ಕೊಡುವುದು ಆಯ್ಕೆಯಲ್ಲಿದ್ದರೆ ಕರಡು ಒಪ್ಪಂದವನ್ನು ಕನ್ನಡದಲ್ಲಿ ಮೊದಲೇ ಹೊರಗಿಡಿ. ಬೆಂಗಳೂರಿನ ವೆಂಕಟಪ್ಪ ಆರ್ಟ್ ಗ್ಯಾಲರಿ ವಿಷಯದಲ್ಲಿ 2016ರಲ್ಲಿ ಕಲಾವಿದರು ಬೀದಿಗಿಳಿದದ್ದಕ್ಕೆ ಒಂದು ಕಾರಣ, ದತ್ತು ಒಪ್ಪಂದ ಆದ ಮೇಲೆ ಅವರಿಗೆ ತಿಳಿದದ್ದು.

ಜಾಗ ಬಿಡುವವರಿಗೆ ಕಾಗದ ಕೊಡಿ

ದುರಸ್ತಿಗೆ ಖಾಲಿ ಮಾಡಿಸಬೇಕಾದರೆ ‘ಕೆಲಸ ಮುಗಿದ ಮೇಲೆ ನಿಮಗೇ ಕೊಡುತ್ತೇವೆ’ ಅನ್ನುವ ಬಾಯಿಮಾತು ಸಾಲದು. ವ್ಯಾಪಾರಿಗಳು ಹಠ ಹಿಡಿಯುವುದು ಕಟ್ಟಡದ ಮೇಲಿನ ಪ್ರೀತಿಗೋ ದ್ವೇಷಕ್ಕೋ ಅಲ್ಲ. ಒಮ್ಮೆ ಎದ್ದರೆ ಮತ್ತೆ ಕೂರಲು ಬಿಡುತ್ತಾರೋ ಇಲ್ಲವೋ ಅನ್ನುವ ಭಯಕ್ಕೆ. ಅಂಗಡಿ ಸಂಖ್ಯೆ, ಅಡಿ ಲೆಕ್ಕದ ಅಳತೆ, ಈಗ ಇರುವವರ ಫೋಟೋ, ತಾತ್ಕಾಲಿಕ ಜಾಗ ಎಲ್ಲಿ, ವಾಪಸ್ ಬರುವ ಕೊನೆ ದಿನಾಂಕ, ಆಗಿನ ಬಾಡಿಗೆ, ತಡವಾದರೆ ಏನು ಪರಿಹಾರ, ಇಷ್ಟನ್ನೂ ಬರೆದು ಸೀಲು ಹಾಕಿ ಒಬ್ಬೊಬ್ಬರ ಕೈಗೆ ಕೊಡಿ. ತಾತ್ಕಾಲಿಕ ಜಾಗವನ್ನು ಮೊದಲು ಕಟ್ಟಿ ತೋರಿಸಿ, ಆಮೇಲೆ ಎಬ್ಬಿಸಿ. ಸಾಧ್ಯವಾದರೆ ಒಂದೊಂದೇ ಸಾಲು ಖಾಲಿ ಮಾಡಿಸಿ ಕೆಲಸ ಮಾಡಿ. ಗುತ್ತಿಗೆದಾರರಿಗೆ ಇದು ಹಿಡಿಸುವುದಿಲ್ಲ, ಹಿಡಿಸದಿದ್ದರೆ ಬೇಡ.

ತಿರುಗಿ ಹೇಳುವುದು

ಎಲ್ಲರೂ ತಪ್ಪಿಸಿಕೊಳ್ಳುವ ಹೆಜ್ಜೆ ಇದು. ಬಂದ ಮಾತುಗಳನ್ನೆಲ್ಲ ಒಂದು ಪಟ್ಟಿ ಮಾಡಿ. ಎಡಗಡೆ ‘ನೀವು ಹೇಳಿದ್ದು’, ಬಲಗಡೆ ‘ನಾವು ಮಾಡುವುದು, ಅಥವಾ ಮಾಡದಿರಲು ಕಾರಣ’. ‘ಹಿಂದಿನ ಗೇಟು ತೆರೆಯಿರಿ’ ಅಂದಿದ್ದಕ್ಕೆ ‘ಆ ಜಾಗದ ವ್ಯಾಜ್ಯ ಕೋರ್ಟಿನಲ್ಲಿದೆ, ಈಗ ಆಗುವುದಿಲ್ಲ’ ಅಂತ ನೇರ ಬರೆದರೆ ಜನ ಒಪ್ಪುತ್ತಾರೆ. ಎಷ್ಟು ಜನ ಹೇಳಿದರು ಅನ್ನುವುದರ ಜೊತೆಗೆ ಯಾರು ಹೇಳಿದರು ಅನ್ನುವುದೂ ಇರಲಿ. ವಾಟ್ಸಾಪಿನಲ್ಲಿ ಬಂದ ನೂರು ಒಂದೇ ಥರದ ಮೆಸೇಜಿಗೂ, ಅಲ್ಲೇ ಕೂತು ಹೂ ಮಾರುವ ಹತ್ತು ಹೆಂಗಸರ ಮಾತಿಗೂ ಒಂದೇ ತೂಕ ಹಾಕಬೇಡಿ. ಪಟ್ಟಿಯನ್ನು ಕಟ್ಟಡದ ಬಾಗಿಲಿಗೇ ಅಂಟಿಸಿ, ವಾರ್ಡ್ ಸಮಿತಿ ಸಭೆಯಲ್ಲಿ ಓದಿ. ಆಕ್ಷೇಪಣೆಗೆ ಇನ್ನೊಂದು ತಿಂಗಳು ಬಿಡಿ.

ಒಟ್ಟು ಎಷ್ಟು ಸಮಯ ಬೇಕು? ಅವಸರವಿಲ್ಲದೆ ಮಾಡಿದರೆ ನಾಲ್ಕೈದು ತಿಂಗಳು. ಪರೀಕ್ಷೆ, ಚುನಾವಣೆ ನೀತಿ ಸಂಹಿತೆ, ಊರ ಹಬ್ಬ ಬಿಟ್ಟು ಲೆಕ್ಕ ಹಾಕಿ. ಎರಡು ವಾರದಲ್ಲಿ ಮುಗಿಸಿ ಅಂತ ಮೇಲಿನಿಂದ ಒತ್ತಡ ಬಂದರೆ ಮೊದಲ ಹಾಳೆ ತೆಗೆದು ಓದಿ ಹೇಳಿ.

ಬಾಗಿಲು ತೆರೆದು ನೋಡಿ

ಕೊನೆ ತೀರ್ಮಾನಕ್ಕೆ ಮುಂಚೆ, ಭದ್ರವಾಗಿದೆ ಅಂತ ಎಂಜಿನಿಯರ್ ಬರೆದುಕೊಟ್ಟ ಒಂದೆರಡು ಕೋಣೆಯನ್ನು ಕೆಲವು ತಿಂಗಳು ಪ್ರಯೋಗಕ್ಕೆ ತೆರೆಯಿರಿ. ಒಂದು ವಾರ ಸೀರೆ ಮೇಳ, ಒಂದು ವಾರ ಮಕ್ಕಳ ಓದು, ಒಂದು ವಾರ ಊರಿನ ಹಳೆ ಫೋಟೋ ಪ್ರದರ್ಶನ. ಸಂಜೆ ಎಷ್ಟು ಜನ ಬಂದರು, ಬೈಕು ಎಲ್ಲಿ ನಿಲ್ಲಿಸಿದರು, ನೀರು ಸಾಕಾಯಿತಾ ಬರೆದಿಡಿ. ಯಾರೂ ಬಾರದ ಕಾರ್ಯಕ್ರಮ ಯಾವುದು ಅಂತಲೂ ಬರೆದಿಡಿ.

ಆಮೇಲೆ ನಿರ್ವಹಣಾ ಸಮಿತಿ ಮಾಡಿ. ಅದರಲ್ಲಿ ಪುರಸಭೆಯವರು, ಕಟ್ಟಡ ಬಳಸುವವರು, ಪಕ್ಕದ ಬೀದಿಯವರು ಇರಲಿ, ಕಸ ಗುಡಿಸುವವರ ಕಡೆಯಿಂದಲೂ ಒಬ್ಬರಿರಲಿ. ಸಮಿತಿಗೆ ಬ್ಯಾಂಕ್ ಖಾತೆ ಬೇಕು, ಬರುವ ಬಾಡಿಗೆಯಲ್ಲಿ ಒಂದು ಪಾಲು ಕಟ್ಟಡದ ರಿಪೇರಿಗೇ ಮೀಸಲು ಅಂತ ಠರಾವು ಬೇಕು. ಮೊದಲ ವರ್ಷದ ಲೆಕ್ಕವನ್ನು ಅದೇ ಬಾಗಿಲಿಗೆ ಅಂಟಿಸಿ. ಪ್ರತಿ ವರ್ಷ ಮೇ ತಿಂಗಳಲ್ಲಿ, ಮುಂಗಾರಿಗೆ ಮುಂಚೆ, ತಾರಸಿ ಮೇಲೆ ಹತ್ತಿ ಮಳೆನೀರಿನ ಕೊಳವೆಯ ಕಸ ತೆಗೆಸುವುದು ಯಾರ ಕೆಲಸ ಅಂತ ಹೆಸರು ಹಾಕಿ ಬರೆಯಿರಿ.